ಒಂದು ದಿನದಲ್ಲಿ ಆರು ಊರು: ಅಧ್ಯಯನ ಪ್ರವಾಸದ ಹೆಸರಿನಲ್ಲಿ

ಕನ್ನಡ ಸ್ನಾತಕೋತ್ತರ ವಿಭಾಗಗಳು ಕೈಗೊಳ್ಳುವ ತುಳುನಾಡಿನ ‘ಅಧ್ಯಯನ ಪ್ರವಾಸ’ಕ್ಕೆ ಒಂದು ಸಿದ್ಧ ಮಾದರಿ ರೂಢಿಯಾಗಿದೆ. ರಾತ್ರಿಯೆಲ್ಲ ಬಸ್ಸಿನ ಪಯಣ, ಬೆಳಗಾಗುವಾಗ ಧರ್ಮಸ್ಥಳ, ಅಲ್ಲಿಂದ ವೇಣೂರು, ಮೂಡುಬಿದಿರೆ, ಕಾರ್ಕಳ, ತಡವಾದ ಊಟಕ್ಕೆ ಉಡುಪಿ, ಸೂರ್ಯಾಸ್ತಕ್ಕೆ ಮಲ್ಪೆಯ ಕಡಲತೀರ. ಸಾವಿರ ಕಂಬದ ಬಸದಿಗೆ ದೊರೆಯುವುದು ಹೆಚ್ಚೆಂದರೆ ಅರ್ಧ ಗಂಟೆ. ಅದರಲ್ಲಿಯೂ ಬಹುಪಾಲು ಗುಂಪು ಛಾಯಾಚಿತ್ರಕ್ಕೆ ಸಲ್ಲುತ್ತದೆ. ಹಿಂದಿರುಗಿದ ಮೇಲೆ ಸಲ್ಲಿಕೆಯಾಗುವ ವರದಿಯಲ್ಲಿ ಊರುಗಳ ಪಟ್ಟಿಯೂ ಫಲಕಗಳಿಂದ ನಕಲು ಮಾಡಿದ ಇಸವಿಗಳೂ ಇರುತ್ತವೆ. ಇದನ್ನು ವಿಹಾರವೆಂದು ಕರೆದರೆ ಯಾರ ಆಕ್ಷೇಪವೂ ಇರಲಾರದು. ಅಧ್ಯಯನವೆಂದು ಕರೆಯುವುದು ಮಾತ್ರ ಒಪ್ಪತಕ್ಕದ್ದಲ್ಲ.

ಇದಕ್ಕೆ ಬದಲಾಗಿ ಆಗಬೇಕಾದುದು ಸರಳವಾಗಿದೆ. ಒಳನಾಡಿನ ಒಂದು ಊರಿನಲ್ಲಿ ನಾಲ್ಕು ದಿನ ನೆಲೆನಿಲ್ಲಬೇಕು. ದಿನಕ್ಕೊಂದು ದಿಕ್ಕಿಗೆ ಹೋಗಿ ಸಂಜೆಗೆ ಅದೇ ಊರಿಗೆ ಮರಳಬೇಕು. ಅಂತಹ ನೆಲೆಯಾಗಲು ಮೂಡುಬಿದಿರೆಗಿಂತ ಯೋಗ್ಯವಾದ ಊರು ಈ ಭಾಗದಲ್ಲಿ ವಿರಳ. ಹದಿನೆಂಟು ಬಸದಿಗಳು ಅಲ್ಲಿವೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಕರಾವಳಿ ಮತ್ತು ಒಳನಾಡು ಒಂದೇ ಚರಿತ್ರೆಯ ಎರಡು ಭಾಗಗಳೆಂಬುದನ್ನು ಆ ಊರು ತನ್ನ ಹೆಸರಿನಲ್ಲಿಯೇ ಹೇಳುತ್ತದೆ. ‘ಮೂಡು’ ಎಂದರೆ ಪೂರ್ವ, ‘ಪಡು’ ಎಂದರೆ ಪಶ್ಚಿಮ. ಪೂರ್ವದ ಬಿದಿರೆಗೆ ಎದುರಾಗಿ ಕಡಲ ಅಂಚಿನಲ್ಲಿ ಪಡುಬಿದಿರೆ ಇದೆ. ಒಂದನ್ನು ‘ಜೈನಕಾಶಿ’ ಎಂದೂ ಇನ್ನೊಂದನ್ನು ‘ಬೀಚ್’ ಎಂದೂ ಬೇರೆ ಬೇರೆ ಕಾಲಂಗಳಲ್ಲಿ ಬರೆದುಕೊಳ್ಳುವ ವಿದ್ಯಾರ್ಥಿಗೆ ಈ ಜೋಡಿ ಕಾಣುವುದೇ ಇಲ್ಲ.

ಚೌಟ ಅರಸರ ಉದಾಹರಣೆ ಇನ್ನೂ ಸ್ಪಷ್ಟವಾದುದು. ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕ ಕಡಲತೀರದ ಉಳ್ಳಾಲದವಳು. ಅದೇ ವಂಶದ ಅರಮನೆ ಇರುವುದು ಮೂಡುಬಿದಿರೆಯಲ್ಲಿ. ನವನಾರೀ ಕುಂಜರವನ್ನು ಕೆತ್ತಿದ ಮರದ ಕಂಬವನ್ನು ಅಲ್ಲಿ ನೋಡಿದವರು ಉಳ್ಳಾಲವನ್ನು ನೋಡದಿದ್ದರೆ, ಆ ಅರಸೊತ್ತಿಗೆಗೆ ಬಂದರೂ ಗದ್ದೆಯೂ ಏಕೆ ಒಟ್ಟಿಗೆ ಬೇಕಾಗಿದ್ದವು ಎಂಬ ಪ್ರಶ್ನೆ ಅವರಿಗೆ ಹುಟ್ಟುವುದಿಲ್ಲ. 1430ರ ಸುಮಾರಿಗೆ ಕಟ್ಟಲಾದ ತ್ರಿಭುವನತಿಲಕ ಚೂಡಾಮಣಿ ಬಸದಿಯ ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ ಜಿರಾಫೆ ಮತ್ತು ಚೀನದ ಡ್ರ್ಯಾಗನ್ ಎಂದು ಗುರುತಿಸಲಾಗಿರುವ ಕೆತ್ತನೆಗಳಿವೆ. ಬಿದಿರುಮೆಳೆಯ ಊರಿಗೆ ಇವು ಬಂದದ್ದು ಹೇಗೆ? ಉತ್ತರವನ್ನು ಅರಸಬೇಕಾದುದು ಅಕ್ಕಿ ಮತ್ತು ಮೆಣಸನ್ನು ಹೊರನಾಡಿಗೆ ಕಳುಹಿಸಿದ ರೇವುಗಳಲ್ಲಿ, ಆ ವ್ಯಾಪಾರದಿಂದ ಬೆಳೆದ ಶ್ರೇಷ್ಠಿಗಳ ದಾನಶಾಸನಗಳಲ್ಲಿ. ಬೆಳಿಗ್ಗೆ ಕೆತ್ತನೆಯನ್ನು ನೋಡಿ ಮರುದಿನ ಬಾರಕೂರಿಗೋ ಮೂಲ್ಕಿಗೋ ಹೋಗಿ ಬಂದವರು ಆ ಪ್ರಶ್ನೆಯೊಡನೆ ಹೋಗುತ್ತಾರೆ. ಅರ್ಧ ಗಂಟೆಯವರಿಗೆ ಅದೊಂದು ‘ವಿಶೇಷ’ ಮಾತ್ರ.

ಫ್ರಾನ್ಸಿಸ್ ಬುಕನನ್ 1801ರಲ್ಲಿ ಈ ಪ್ರದೇಶದಲ್ಲಿ ಸಂಚರಿಸಿದನು. ಅವನ ಪ್ರವಾಸಗ್ರಂಥ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಅವನು ಕಂಪನಿ ಸರಕಾರದ ಕೆಲಸಕ್ಕೆ ಬಂದವನು. ಅವನ ದೃಷ್ಟಿಯನ್ನೂ ತೀರ್ಮಾನಗಳನ್ನೂ ಪ್ರಶ್ನಿಸಲೇಬೇಕು. ಆದರೆ ಅವನು ಊರೂರಿನಲ್ಲಿ ತಂಗಿ, ಬೆಳೆ, ಗೇಣಿ, ಅಳತೆ, ಸಮುದಾಯಗಳ ಬಗ್ಗೆ ಅಲ್ಲಿಯವರನ್ನೇ ಕೇಳಿ ಬರೆದುಕೊಂಡನು. ವಸಾಹತು ಅಧಿಕಾರಿಯೊಬ್ಬ ತೋರಿದ ಈ ತಾಳ್ಮೆಯನ್ನು ಕನ್ನಡವನ್ನೇ ಓದುವವರು ಕನ್ನಡದ ಊರುಗಳಿಗೆ ತೋರದಿರುವುದು ಲಜ್ಜಾಸ್ಪದ.

ಸಾಹಿತ್ಯದ ವಿದ್ಯಾರ್ಥಿಗಳಿಗಂತೂ ನಷ್ಟ ಇಮ್ಮಡಿಯಾದುದು. ರತ್ನಾಕರವರ್ಣಿಯ ಸಾಂಗತ್ಯವನ್ನು ಪಠ್ಯವಾಗಿ ಓದಿದವರು ಅವನ ಊರಿನಲ್ಲಿ ಒಂದು ಸಂಜೆ ಕುಳಿತು ಹಾಡಿಕೊಳ್ಳುವ ಅವಕಾಶವನ್ನೇ ಪಡೆಯುವುದಿಲ್ಲ. ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು ಇದು. ಪ್ರಾಕೃತ–ಸಂಸ್ಕೃತದ ಆ ಗ್ರಂಥಗಳು ಹಳಗನ್ನಡ ಲಿಪಿಯಲ್ಲಿ ಉಳಿದು ಬಂದವು ಎಂಬ ಸಂಗತಿಯೇ ಒಂದು ದಿನದ ಚರ್ಚೆಗೆ ಸಾಕು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಇಲ್ಲಿಯ ಮತ್ತು ಸುತ್ತಲಿನ ಭಂಡಾರಗಳ ಓಲೆಗಳನ್ನು ಶೋಧಿಸಿ ಸಿದ್ಧಪಡಿಸಿದ ಗ್ರಂಥಸೂಚಿ 1948ರಲ್ಲಿ ಪ್ರಕಟವಾಯಿತು. ಆ ಸೂಚಿಯನ್ನು ಕೈಯಲ್ಲಿ ಹಿಡಿದು ಮೂಡುಬಿದಿರೆಗೆ ಬರುವ ವಿಭಾಗಗಳು ಎಷ್ಟಿವೆ? ಕಾರ್ಕಳದ ದಾರಿ ಹಿಡಿದವರಲ್ಲಿ ಮುದ್ದಣನ ನಂದಳಿಕೆಗೆ ತಿರುಗುವವರು ಎಷ್ಟು ಮಂದಿ? ಆ ಹಳ್ಳಿಯಲ್ಲಿ ಹುಟ್ಟಿ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದು 1901ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ಕವಿಯ ಬಾಳು ಕೂಡ ಒಳನಾಡಿಗೂ ಕರಾವಳಿಗೂ ಸೇರಿದ್ದು.

ಇದಕ್ಕೆ ಎದುರಾಗುವ ಆಕ್ಷೇಪಗಳು ಗೊತ್ತಿರುವಂಥವೇ. ಹಣವಿಲ್ಲ, ರಜೆಯಿಲ್ಲ ಎಂಬುದು ಮೊದಲನೆಯದು. ನೂರಾರು ಕಿಲೋಮೀಟರ್ ಸುತ್ತಾಟಕ್ಕೆ ಬಸ್ಸನ್ನು ಬಾಡಿಗೆಗೆ ಹಿಡಿಯಲು ಹಣ ಇರುವುದಾದರೆ, ಒಂದೆಡೆ ತಂಗಿ ಖಾಸಗಿ ಸರ್ವಿಸ್ ಬಸ್ಸುಗಳಲ್ಲಿ ಹೋಗಿ ಬರಲು ಹಣವಿಲ್ಲವೆಂಬ ಮಾತನ್ನು ಲೆಕ್ಕ ಹಾಕಿ ತೋರಿಸಬೇಕಾಗುತ್ತದೆ. ಕಾರ್ಕಳವೂ ವೇಣೂರೂ ಮೂಡುಬಿದಿರೆಯಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿವೆ. ಬಾರಕೂರಿನಂತಹ ಹಳೆಯ ರಾಜಧಾನಿಗೆ ಒಂದು ದಿನ ಎಲ್ಲಿ ಸಾಕು ಎಂಬುದು ಎರಡನೆಯ ಆಕ್ಷೇಪ. ಇದು ಹೆಚ್ಚು ತೂಕದ್ದು. ಸಾಲದು ನಿಜ. ಆದರೆ ಅದಕ್ಕೆಂದೇ ಮೀಸಲಾದ ಒಂದು ದಿನದಲ್ಲಿ ಕೇರಿಗಳನ್ನು ನಡೆದು ನೋಡಬಹುದು, ಕತ್ತಲೆ ಬಸದಿಯ ಬಳಿ ನಿಂತು ಶಾಸನಪಾಠವನ್ನು ಓದಬಹುದು. ಸಂಜೆ ನೆಲೆಗೆ ಮರಳಿ, ಕಂಡದ್ದನ್ನು ಹಿಂದಿನ ದಿನ ಕಂಡದ್ದರೊಡನೆ ಹೋಲಿಸಬಹುದು. ಮುಂದಿನ ಊರಿನ ಗಡಿಬಿಡಿಯಲ್ಲಿ ಇಲ್ಲವಾಗುವುದು ಈ ಹೋಲಿಕೆಯೇ.

ಈ ಉದಾಸೀನದ ಪರಿಣಾಮ ಒಂದು ತಲೆಮಾರಿಗೆ ನಿಲ್ಲುವುದಿಲ್ಲ. ಇಂದು ಬಸ್ಸಿನ ಕಿಟಕಿಯಿಂದ ತುಳುನಾಡನ್ನು ನೋಡಿದವರೇ ನಾಳೆ ಅಧ್ಯಾಪಕರಾಗಿ ಅದನ್ನು ಪಾಠ ಮಾಡುತ್ತಾರೆ. ಕಾರ್ಕಳದ ಗೊಮ್ಮಟ 1432, ಚತುರ್ಮುಖ ಬಸದಿ 1586, ವೇಣೂರಿನ ಗೊಮ್ಮಟ 1604 ಎಂಬ ಇಸವಿಗಳು ಅವರ ಟಿಪ್ಪಣಿಗಳಲ್ಲಿ ತಪ್ಪಿಲ್ಲದೆ ಉಳಿಯುತ್ತವೆ. ಅವುಗಳ ನಡುವಣ ಸಂಬಂಧ ಉಳಿಯುವುದಿಲ್ಲ. ತಾಳೆಗರಿ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವಾಗ, ಓಲೆಯ ಕಟ್ಟುಗಳಿರುವ ಊರಿಗೆ ಬಂದೂ ಅವುಗಳ ಬಗ್ಗೆ ವಿಚಾರಿಸದೆ ಹೋಗುವ ಪ್ರತಿಯೊಂದು ತಂಡವೂ ಆ ವಿದ್ಯೆಯ ಅಳಿವಿಗೆ ಹೊಣೆಯಾಗುತ್ತದೆ. ಆದುದರಿಂದ ವಿಭಾಗಗಳು ಪ್ರವಾಸದ ವರದಿಯಲ್ಲಿ ಊರುಗಳ ಸಂಖ್ಯೆಯನ್ನು ಕೇಳುವುದನ್ನು ಬಿಡಬೇಕು. ತಂಗಿದ ರಾತ್ರಿಗಳು ಎಷ್ಟು, ಓದಿದ ಶಾಸನ ಯಾವುದು, ಮಾತನಾಡಿಸಿದವರು ಯಾರು ಎಂದು ಕೇಳಬೇಕು. ಈ ಮೂರಕ್ಕೆ ಉತ್ತರವಿಲ್ಲದ ಪ್ರವಾಸಕ್ಕೆ ಅಧ್ಯಯನದ ಅಂಕಗಳನ್ನು ನೀಡಬಾರದು.