ಕವಿಯ ತೀರ್ಪು, ಚಿತ್ರದ ಕುದುರೆ

ಕಾವ್ಯದಲ್ಲಿ ಬರುವ ಚಿತ್ರವಿಮರ್ಶೆಯನ್ನು ಕಲೆಯ ಚರಿತ್ರೆಗೆ ಆಧಾರವಾಗಿ ಎಷ್ಟರಮಟ್ಟಿಗೆ ಸ್ವೀಕರಿಸಬಹುದು ಎಂಬುದು ಸಾಹಿತ್ಯ ಸಂಶೋಧನೆಯ ತೊಡಕಿನ ಪ್ರಶ್ನೆಗಳಲ್ಲೊಂದು. ಚೀನಾದ ಕುದುರೆ ಚಿತ್ರಗಳ ಪರಂಪರೆಯು ಈ ತೊಡಕನ್ನು ನಿಚ್ಚಳವಾಗಿ ತೋರಿಸುತ್ತದೆ. ತಾಂಗ್ ಕಾಲದ ಮಹಾಕವಿ ದು ಫು (712–770) ಚಿತ್ರಕಾರ ತ್ಸಾವೊ ಬಾನನ್ನು ಕುರಿತ ಕವಿತೆಯಲ್ಲಿ ಅವನ ಶಿಷ್ಯ ಹಾನ್ ಗಾನನ ಪ್ರಸ್ತಾಪವನ್ನೂ ಮಾಡುತ್ತಾನೆ. ಶಿಷ್ಯನ ಕುಂಚವು ಕುದುರೆಯ ಮಾಂಸದಲ್ಲೇ ನಿಂತಿತು, ಮೂಳೆಯನ್ನು ಮುಟ್ಟಲಿಲ್ಲ ಎಂಬುದು ಅಲ್ಲಿನ ಆಕ್ಷೇಪದ ತಾತ್ಪರ್ಯ. ಒಂದು ಕವಿತೆಯೊಳಗಿನ ಈ ಮಾತು ಮುಂದಿನ ಶತಮಾನಗಳಲ್ಲಿ ಕುದುರೆ ಚಿತ್ರಗಳ ಚರ್ಚೆಯನ್ನೇ ನಿರ್ದೇಶಿಸಿತು.

ಈ ಆಕ್ಷೇಪವನ್ನು ಮೊದಲಿಗೆ ಅದರ ಸಂದರ್ಭದಲ್ಲಿಟ್ಟು ನೋಡುವುದು ಅಗತ್ಯ. ಒಂದು ಕಾಲಕ್ಕೆ ಅರಮನೆಯ ಮನ್ನಣೆ ಪಡೆದಿದ್ದ ತ್ಸಾವೊ ಬಾ ಇಳಿವಯಸ್ಸಿನಲ್ಲಿ ಬಡತನಕ್ಕೆ ಬಿದ್ದಿದ್ದನು. ಅವನ ಹಿರಿಮೆಯನ್ನು ಎತ್ತಿಹಿಡಿಯುವುದು ಕವಿತೆಯ ಉದ್ದೇಶ. ಗುರುವನ್ನು ಮೇಲೇರಿಸಲು ಶಿಷ್ಯನನ್ನು ಕೆಳಗಿಳಿಸುವುದು ಪ್ರಶಸ್ತಿಕಾವ್ಯದ ಪರಿಚಿತ ತಂತ್ರವೇ ಹೊರತು ತೂಗಿ ನೋಡಿದ ವಿಮರ್ಶೆಯಲ್ಲ. ಇದೇ ದು ಫು ಮತ್ತೊಂದೆಡೆ ಹಾನ್ ಗಾನನ ಕುದುರೆ ಚಿತ್ರವನ್ನು ಮನಸಾರೆ ಹೊಗಳಿರುವುದು ಇದಕ್ಕೆ ಪುಷ್ಟಿ ನೀಡುತ್ತದೆ. 847ರಲ್ಲಿ ಚಿತ್ರಕಾರರ ಚರಿತ್ರೆಯನ್ನು ರಚಿಸಿದ ಝಾಂಗ್ ಯಾನ್‌ಯುವಾನ್ ಕವಿಗೆ ಚಿತ್ರದ ಅರಿವಿಲ್ಲವೆಂದು ನೇರವಾಗಿಯೇ ಹೇಳಿದನು. ಚಕ್ರವರ್ತಿ ಶ್ವಾನ್‌ಝೊಂಗನ ಲಾಯದ ಕುದುರೆಗಳು ಮೈತುಂಬಿಕೊಂಡಿದ್ದವು. ಹಾನ್ ಗಾನ್ ಕಂಡದ್ದನ್ನು ಬರೆದನು ಎಂಬುದು ಅವನ ವಾದ.

ಇಂದು ತ್ಸಾವೊ ಬಾನದೆಂದು ನಿಸ್ಸಂದೇಹವಾಗಿ ಒಪ್ಪಬಹುದಾದ ಚಿತ್ರವೊಂದೂ ಉಳಿದಿಲ್ಲ. ಶಿಷ್ಯನದೆಂದು ಪರಂಪರೆ ಹೇಳುವ, ಕಾಗದದ ಮೇಲೆ ಮಸಿಯಲ್ಲಿ ಬರೆದ ‘ಇರುಳು ಬೆಳಗುವ ಬಿಳಿಯ’ ಎಂಬ ಕುದುರೆಯ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಕಂಬಕ್ಕೆ ಕಟ್ಟಿದ ಕುದುರೆ. ಅರಳಿದ ಹೊಳ್ಳೆ, ಹೊರಳಿದ ಕಣ್ಣು, ನಿಮಿರಿದ ಕೇಸರ, ನೆಲವನ್ನು ಒದೆಯುವ ಕಾಲು. ಮೈ ದುಂಡಗಿದೆ ನಿಜ. ಆದರೆ ಆ ದುಂಡನ್ನು ಹಿಡಿದಿಟ್ಟ ರೇಖೆ ಸಡಿಲಾಗಿಲ್ಲ. ಕವಿಯ ತೀರ್ಪನ್ನು ಮೊದಲು ಓದಿ ಚಿತ್ರವನ್ನು ಆಮೇಲೆ ನೋಡುವವರಿಗೆ ಮಾಂಸ ಕಾಣುತ್ತದೆ, ರೇಖೆ ಕಾಣುವುದಿಲ್ಲ.

ಇಲ್ಲಿ ಪರಿಭಾಷೆಯ ಪ್ರಶ್ನೆಯೂ ಏಳುತ್ತದೆ. ಆರನೆಯ ಶತಮಾನದ ಶಿಯೆ ಹೆ ಹೇಳಿದ ಚಿತ್ರದ ಆರು ಸೂತ್ರಗಳಲ್ಲಿ ಎರಡನೆಯದು ಕುಂಚಬಳಕೆಯಲ್ಲಿನ ‘ಮೂಳೆ’ಯನ್ನು ಕುರಿತದ್ದು. ಅಲ್ಲಿ ಮೂಳೆ ಎಂದರೆ ರೇಖೆಯೊಳಗಿನ ಕಸುವು, ಶರೀರದ ಅಸ್ಥಿಯಲ್ಲ. ಕುದುರೆಯ ಲಕ್ಷಣ ಹೇಳುವವರಿಗೆ ಅದೇ ಪದ ಅಂಗರಚನೆಯ ಮಾತು. ದು ಫುವಿನ ಆಕ್ಷೇಪ ಈ ಎರಡು ಅರ್ಥಗಳ ನಡುವೆ ನಿಂತಿದೆ. ಕನ್ನಡಕ್ಕೆ ಇದನ್ನು ‘ಅಸ್ಥಿ’ ಎಂದು ತಂದರೆ ಒಂದು ಅರ್ಥ ಸತ್ತುಹೋಗುತ್ತದೆ. ಹುರಿಗಟ್ಟಿದ ಮೈ ಎಂಬಲ್ಲಿನ ‘ಹುರಿ’ ದೇಹಕ್ಕೂ ರೇಖೆಗೂ ಸಲ್ಲುವ ಮಾತು. ಅಕ್ಷರಕ್ಕೂ ಚಿತ್ರಕ್ಕೂ ‘ಬರೆ’ ಎಂಬ ಒಂದೇ ಧಾತುವನ್ನು ಬಳಸುವ ಭಾಷೆಗೆ ಈ ಮೀಮಾಂಸೆ ಪರಕೀಯವಾಗಬೇಕಿಲ್ಲ.

ಕವಿಯ ಮಾತು ಹಾನಿಯನ್ನಷ್ಟೇ ಮಾಡಿತೆಂದು ಹೇಳುವಂತಿಲ್ಲ. 1279ರಲ್ಲಿ ಸೊಂಗ್ ರಾಜ್ಯ ಅಳಿದ ಬಳಿಕ ಅದಕ್ಕೇ ನಿಷ್ಠನಾಗಿ ಉಳಿದ ಗೊಂಗ್ ಕಾಯ್ ಪಕ್ಕೆಲುಬುಗಳು ಎದ್ದು ಕಾಣುವ ಬಡಕಲು ಕುದುರೆಯನ್ನು ಕಾಗದದ ಮೇಲೆ ಮಸಿಯಲ್ಲಿ ಬರೆದನು. ಯುವಾನ್ ಅರಸರ ಅಧಿಕಾರಿಯಾಗಿದ್ದ ರೆನ್ ರೆನ್‌ಫಾ ರೇಷ್ಮೆಯ ಮೇಲೆ ಕೊಬ್ಬಿದ ಕುದುರೆ, ಬಡಕಲು ಕುದುರೆ ಎರಡನ್ನೂ ವರ್ಣದಲ್ಲಿ ಬರೆದು, ತಾನು ಸೊರಗಿ ನಾಡನ್ನು ತಣಿಸುವ ಅಧಿಕಾರಿ ಯಾರು, ನಾಡನ್ನು ಸೊರಗಿಸಿ ತಾನು ಕೊಬ್ಬುವವನು ಯಾರು ಎಂಬುದನ್ನು ಚಿತ್ರಕ್ಕೆ ಸೇರಿಸಿದ ಬರಹದಲ್ಲಿ ವಿವರಿಸಿದನು. ಮಾಂಸ–ಮೂಳೆಗಳ ವಿರೋಧ ಇವರಲ್ಲಿ ರಾಜನೀತಿಯ ರೂಪಕವಾಯಿತು. ಆದರೆ ರೂಪಕವಾಗಿ ಫಲಿಸಿದ ಮಾತು ಹಾನ್ ಗಾನನ ಮೇಲಿನ ಸಾಕ್ಷ್ಯವಾಗಲಾರದು.

ಸಾಮಗ್ರಿಯ ತಿಳಿವಳಿಕೆಯೂ ಈ ಓದಿಗೆ ಬೇಕು. ಪಟಿಕ ಮತ್ತು ಅಂಟು ಸವರಿದ ರೇಷ್ಮೆ ನೀರನ್ನು ಕುಡಿಯುವುದಿಲ್ಲವಾದ್ದರಿಂದ ಅದರ ಮೇಲೆ ಸಣ್ಣ ಗೆರೆಯೆಳೆದು ತೆಳುವಾದ ಬಣ್ಣವನ್ನು ಪದರಪದರವಾಗಿ ಹಚ್ಚಬಹುದು. ಹಾಗೆ ಸವರದ ಕಾಗದ ಮಸಿಯನ್ನು ಒಡನೆಯೇ ಹೀರುತ್ತದೆ. ಅಲ್ಲಿ ತಿದ್ದುಪಡಿಗೆ ಎಡೆಯಿಲ್ಲ. ಲಿ ಗೊಂಗ್‌ಲಿನ್ ಬರೆದ ‘ಐದು ಕುದುರೆಗಳು’ ದಶಕಗಳ ಕಾಲ ಕಣ್ಮರೆಯಾಗಿದ್ದು, ಕಪ್ಪುಬಿಳುಪಿನ ಮುದ್ರಣದಿಂದಲೇ ಹೆಚ್ಚಾಗಿ ಪರಿಚಿತವಾಗಿತ್ತು. ಬರಿಯ ಗೆರೆಯ ಚಿತ್ರಕ್ಕೆ ಅದನ್ನೇ ಮಾದರಿಯಾಗಿ ಹೇಳಲಾಗುತ್ತಿತ್ತು. 2019ರಲ್ಲಿ ಟೋಕಿಯೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಮೂಲವು ಪ್ರದರ್ಶಿತವಾದಾಗ ತೆಳುವರ್ಣ ಕಾಣಿಸಿತು.

ಕನ್ನಡ ವಿಭಾಗಗಳಿಗೆ ಇದು ದೂರದ ಕಥೆಯಲ್ಲ. ಬೇಲೂರಿನ ಶಿಲ್ಪಗಳ ಮೇಲೆ ರೂವಾರಿಗಳ ಹೆಸರಿನೊಡನೆ ಬಿರುದುಗಳೂ ಇವೆ. ಅಲ್ಲಿ ಮಾತು ಮತ್ತು ಕೃತಿ ಒಟ್ಟಿಗೇ ಉಳಿದಿರುವುದರಿಂದ ಒಂದನ್ನು ಇನ್ನೊಂದರಿಂದ ಪರೀಕ್ಷಿಸಬಹುದು. ಕೃತಿ ನಷ್ಟವಾಗಿ ಹೊಗಳಿಕೆಯೋ ತೆಗಳಿಕೆಯೋ ಮಾತ್ರ ಉಳಿದ ಕಡೆ ಆ ಮಾತು ಮೊದಲಿಗೆ ಕವಿಯ ಬಗೆಗಿನ ಆಕರ, ಆಮೇಲಷ್ಟೇ ಕಲಾವಿದನ ಬಗೆಗಿನದು. ಈ ಕ್ರಮವನ್ನು ತಿರುಗುಮುರುಗಾಗಿಸಿ ಬರೆದ ಕಲಾಚರಿತ್ರೆಯಲ್ಲಿ ಹಾನ್ ಗಾನನಂಥ ಎಷ್ಟು ಮಂದಿ ಒಂದು ಪದ್ಯದ ತೀರ್ಪಿಗೆ ಗುರಿಯಾಗಿ ನಿಂತಿದ್ದಾರೆ ಎಂಬುದನ್ನು ಸಂಶೋಧನೆ ಇನ್ನಾದರೂ ಕೇಳಿಕೊಳ್ಳಬೇಕಾಗಿದೆ.