ಫಾರ್ಮ್ಯಾಟ್ ಮಾಡಿಸೋ ಮುಂಚೆ ಡೇ ಬುಕ್ ತೆಗೀರಿ

(1/4)

“ಅಪ್‌ಡೇಟ್ ಕೊಟ್ಟೆ ಗುರು, ಈಗ ಲಿಬ್ರೆಆಫೀಸ್ ಓಪನ್ ಆದ ತಕ್ಷಣ ಮುಚ್ಕೊಳ್ತಿದೆ. ಫಾರ್ಮ್ಯಾಟ್ ಮಾಡಿಸ್ಲಾ?”

ಈ ಸೆಮಿಸ್ಟರ್‌ನಲ್ಲಿ ಇಂಥ ಮೆಸೇಜ್ ನನಗೆ ಮೂರು ಬಂದಿವೆ. ಮೂವರೂ ನಮ್ಮ ಬಿಕಾಂನವರೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಂತಿತಲ್ಲ, 11 ಕೂರದ ಹಳೇ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಮಿಂಟ್ ಹಾಕ್ಕೊಂಡವರು. ಹೊಸದು ತಗೊಳ್ಳೋಕೆ ಮನೇಲಿ ಕೇಳೋ ಪರಿಸ್ಥಿತಿ ಇಲ್ಲ. ಇದ್ದದ್ದನ್ನೇ ಡಿಗ್ರಿ ಮುಗಿಯೋವರೆಗೆ ಓಡಿಸ್ಬೇಕು.

ಅವರಲ್ಲಿ ಒಬ್ಬರು ನನ್ನ ಉತ್ತರ ತಲುಪೋ ಮುಂಚೆಯೇ ಅಂಗಡಿಗೆ ಹೋಗಿದ್ರು. ಯಾವ ಅಂಗಡಿ ಅನ್ನೋದು ಬೇಡ. ಐದು ನಿಮಿಷ ನೋಡಿ “ಓಎಸ್ ಕರಪ್ಟ್” ಅಂದ್ರಂತೆ, ಪೂರ್ತಿ ಡಿಸ್ಕ್ ಅಳಿಸಿ ಹೊಸದಾಗಿ ಹಾಕಿ ಕೊಟ್ರಂತೆ. ಇಂಟರ್ನ್‌ಶಿಪ್ ರಿಪೋರ್ಟ್ ಹೋಯ್ತು. ಎರಡು ಸೆಮಿಸ್ಟರ್ ನೋಟ್ಸ್ ಹೋಯ್ತು. ದುಡ್ಡೂ ಹೋಯ್ತು ಅನ್ನೋದು ಬೇರೆ ಮಾತು. ಕೈ ಕೊಟ್ಟಿದ್ದು ಒಂದೇ ಒಂದು ಸಾಫ್ಟ್‌ವೇರ್, ಅಳಿಸಿದ್ದು ಎಲ್ಲವನ್ನೂ.

ಟ್ರಯಲ್ ಬ್ಯಾಲೆನ್ಸ್ ತಾಳೆ ಆಗ್ಲಿಲ್ಲ ಅಂತ ಯಾರಾದ್ರೂ ಲೆಡ್ಜರ್ ಸುಡ್ತಾರಾ? ಯಾವ ಎಂಟ್ರಿ ತಪ್ಪಿದೆ ಅಂತ ಹಿಂದಕ್ಕೆ ಹೋಗಿ ಹುಡುಕ್ತೀವಿ. ಅಪ್‌ಡೇಟ್ ಆದ ಮೇಲಿನ ಕ್ರ್ಯಾಶ್ ಕೂಡ ಅದೇ ಜಾತಿಯ ಸಮಸ್ಯೆ ಅನ್ನೋದು ನನ್ನ ವಾದ. ಹಿಂದಕ್ಕೆ ಹೋಗಿ ಹುಡುಕೋ ಅಭ್ಯಾಸ ಕಂಪ್ಯೂಟರ್ ಸೈನ್ಸ್‌ನವರಿಗಿಂತ ನಮಗೇ ಜಾಸ್ತಿ ಇರ್ಬೇಕು.

(2/4)

ಮೊದಲು ಒಳಗೆ ಏನಾಗುತ್ತೆ ಅಂತ ನೋಡೋಣ.

ಲಿನಕ್ಸ್‌ನಲ್ಲಿ ಲೈಬ್ರರಿ ಅಂದ್ರೆ ಬಹಳಷ್ಟು ಸಾಫ್ಟ್‌ವೇರ್‌ಗಳು ಹಂಚ್ಕೊಳ್ಳೋ ಕೋಡ್. ಪಿಜಿ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ಟ್ಯಾಂಕ್ ಒಂದು ಸಲ ತೊಳೆದ್ರೆ ಎಲ್ಲ ರೂಮಿಗೂ ಒಳ್ಳೇ ನೀರು. ಅದೇ, ಮೇಲಿನ ಪೈಪ್ ಬದಲಾಯಿಸಿ ಅಳತೆ ಬೇರೆ ಆದ್ರೆ, ಹಳೇ ನಲ್ಲಿ ಇರೋ ರೂಮಿಗೆ ನೀರೇ ಬರಲ್ಲ. ನಲ್ಲಿ ಕೆಟ್ಟಿಲ್ಲ, ಟ್ಯಾಂಕೂ ಕೆಟ್ಟಿಲ್ಲ. ಎರಡರ ಮಧ್ಯೆ ಅಳತೆ ಕೂಡ್ತಿಲ್ಲ, ಅಷ್ಟೇ.

ನಿಜವಾದ ಉದಾಹರಣೆ ಬೇಕಾ? ಉಬುಂಟು 22.04ರಲ್ಲಿ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ 1.1ರಿಂದ 3ಕ್ಕೆ ಹೋಯ್ತು, ಹಳೇದನ್ನ ತೆಗೆದೇ ಬಿಟ್ರು. ಹಳೇದನ್ನೇ ನಂಬಿಕೊಂಡು ಹೊರಗಿನಿಂದ ಹಾಕಿದ್ದ ಎಷ್ಟೋ ಸಾಫ್ಟ್‌ವೇರ್ ಅಪ್‌ಗ್ರೇಡ್ ಆದ ಮೇಲೆ ಶುರುವೇ ಆಗ್ಲಿಲ್ಲ. ಗೇಮ್ ಆಡೋರಿಗೆ 2022ರ ಆಗಸ್ಟ್ ನೆನಪಿರಬಹುದು. ಜಿಲಿಬ್‌ಸಿ 2.36 ಬಂತು, ಈಸಿ ಆ್ಯಂಟಿ-ಚೀಟ್ ಇರೋ ಆಟಗಳು ನಿಂತ್ವು. ಲೈಬ್ರರಿಯವರು ಹಳೇ ಥರದ ಒಂದು ಹುಡುಕು ಪಟ್ಟಿಯನ್ನ ಕೈಬಿಟ್ಟಿದ್ರು. ಅದರ ಬದಲಿ ಬಂದು 16 ವರ್ಷ ಆಗಿತ್ತು ನಿಜ, ಆದ್ರೆ ಆ ಸಾಫ್ಟ್‌ವೇರ್ ಇನ್ನೂ ಹಳೇದನ್ನೇ ಹುಡುಕ್ತಿತ್ತು. ಯಾರ ತಪ್ಪು ಅಂತ ದೊಡ್ಡ ಜಗಳ. ಕೊನೆಗೆ ಆರ್ಚ್ ಲಿನಕ್ಸ್‌ನವರು ಹಳೇ ಪಟ್ಟಿಯನ್ನ ವಾಪಸ್ ಸೇರಿಸಿದ್ರು. ನನ್ನ ಓಟು ಅವರಿಗೇ. ನಿಯಮ ಯಾರ ಕಡೆನೇ ಇರಲಿ, ಸಂಜೆ ಬಂದು ಆಟ ಆಡೋಕೆ ಕೂತವನ ಮುಂದೆ ಆ ಜಗಳ ಇಡೋದು ಸರಿಯಲ್ಲ.

ಕನ್ನಡದವರು ಗಮನಿಸ್ಬೇಕಾದ್ದು ಇನ್ನೊಂದಿದೆ. ಒತ್ತಕ್ಷರ ಎಲ್ಲಿ ಕೂರ್ಬೇಕು, ಅರ್ಕಾವತ್ತು ಎಲ್ಲಿ ಬರ್ಬೇಕು ಅಂತ ತೀರ್ಮಾನ ಮಾಡೋದು ಹಾರ್ಫ್‌ಬಜ್ ಅನ್ನೋ ಲೈಬ್ರರಿ. ಮಿಂಟ್‌ನ ಲಿಬ್ರೆಆಫೀಸ್ ಸಿಸ್ಟಮ್‌ನಲ್ಲಿರೋ ಹಾರ್ಫ್‌ಬಜ್ ಬಳಸುತ್ತೆ, ಫೈರ್‌ಫಾಕ್ಸ್ ತನ್ನದೇ ಪ್ರತಿ ಜೊತೇಲಿ ಇಟ್ಕೊಂಡಿರುತ್ತೆ. ಹಾಗಾಗಿ ಅಪ್‌ಡೇಟ್ ಆದ ಮೇಲೆ ಅದೇ ಫಾಂಟ್‌ನಲ್ಲಿ ಫೈರ್‌ಫಾಕ್ಸ್‌ನ ಕನ್ನಡ ಸರಿ ಇದ್ದು, ರಿಪೋರ್ಟ್‌ನ ಕನ್ನಡ ಮಾತ್ರ ಚೆಲ್ಲಾಪಿಲ್ಲಿ ಆಗಿದ್ರೆ, ಅನುಮಾನ ಪಡ್ಬೇಕಾದ್ದು ಸಿಸ್ಟಮ್ ಕಡೆ. (ಆದ್ರೆ ‘ರ‍್ಯಾಂಕ್’ ಅಂತ ಟೈಪ್ ಮಾಡೋಕೆ ಹೋಗಿ ಅರ್ಕಾವತ್ತು ಬಂದ್ರೆ ಅದು ಲೈಬ್ರರಿ ತಪ್ಪಲ್ಲ. ‘ರ’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕ್ಬೇಕು. ಅದಕ್ಕೂ ಫಾರ್ಮ್ಯಾಟ್ ಮಾಡಿಸ್ಬೇಡಿ ಪ್ಲೀಸ್.)

(3/4)

ಈಗ ಹುಡುಕೋದು. ಕಮಾಂಡ್‌ಗಳ ಸ್ಪೆಲಿಂಗ್ ಫೋಟೋಗಳಲ್ಲಿದೆ, ಸ್ವೈಪ್ ಮಾಡಿ.

ಮೊದಲು ಒಂದು ಸಲ ರೀಸ್ಟಾರ್ಟ್. ನಗ್ಬೇಡಿ. ಅಪ್‌ಡೇಟ್ ಆಗುವಾಗ ಓಪನ್ ಇದ್ದ ಸಾಫ್ಟ್‌ವೇರ್ ಹಳೇ ಲೈಬ್ರರಿಯನ್ನೇ ಮೆಮೊರಿಯಲ್ಲಿ ಹಿಡ್ಕೊಂಡಿರುತ್ತೆ. ಡಿಸ್ಕ್‌ನಲ್ಲಿ ಹೊಸದು ಕೂತಿರುತ್ತೆ. ಅರ್ಧ ಹಳೇದು, ಅರ್ಧ ಹೊಸದು ಸೇರಿದಾಗ ಬೀಳೋದು ಸಹಜ. ಕನ್ನಡ ಕೀಬೋರ್ಡ್ ಇದ್ದಕ್ಕಿದ್ದಂತೆ ನಿಂತ್ರೂ ಮೊದಲು ಇದನ್ನೇ ಮಾಡಿ.

ಲಿಬ್ರೆಆಫೀಸ್ ಆದ್ರೆ ಸೇಫ್ ಮೋಡ್‌ನಲ್ಲಿ ತೆಗೆದು ನೋಡಿ. ಅಲ್ಲಿ ನೆಟ್ಟಗೆ ನಡೆದ್ರೆ ತೊಂದರೆ ನಿಮ್ಮ ಸೆಟ್ಟಿಂಗ್ಸ್‌ನಲ್ಲೋ ಎಕ್ಸ್‌ಟೆನ್ಶನ್‌ನಲ್ಲೋ ಇರೋ ಸಾಧ್ಯತೆಯೇ ಜಾಸ್ತಿ. ಲೈಬ್ರರಿಯನ್ನ ಸದ್ಯಕ್ಕೆ ಬಿಟ್ಟುಬಿಡಿ.

ಅದೂ ಆಗ್ಲಿಲ್ವಾ? ಐಕಾನ್ ಒತ್ತೋದು ಬಿಟ್ಟು ಟರ್ಮಿನಲ್‌ನಿಂದ ಅದೇ ಸಾಫ್ಟ್‌ವೇರ್ ಶುರು ಮಾಡಿ. ಐಕಾನ್ ಒತ್ತಿದಾಗ ಸುಮ್ಮನೆ ಸಾಯೋದು, ಇಲ್ಲಿ ಸಾಯೋ ಮುಂಚೆ ಒಂದು ಸಾಲು ಹೇಳಿ ಸಾಯೋದು ಎಷ್ಟೋ ಸಲ ಉಂಟು. ಇಂಥ ಹೆಸರಿನ ಫೈಲ್ ಸಿಗ್ಲಿಲ್ಲ ಅಂತ ಆ ಸಾಲಿನಲ್ಲಿ ಇದ್ರೆ, ಅರ್ಧ ಕೆಲಸ ಮುಗೀತು.

ಉಳಿದರ್ಧ ಡೇ ಬುಕ್‌ನಲ್ಲಿದೆ. ವಾರ್ ಅನ್ನೋ ಫೋಲ್ಡರ್ ಒಳಗೆ ಲಾಗ್, ಅದರೊಳಗೆ ಆ್ಯಪ್ಟ್, ಅದರೊಳಗೆ ಹಿಸ್ಟರಿ ಅನ್ನೋ ಫೈಲ್. ತೆಗೆದು ನೋಡಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಕಮಾಂಡ್‌ನಿಂದ, ಯಾವ ಪ್ಯಾಕೇಜ್ ಯಾವ ವರ್ಷನ್‌ನಿಂದ ಯಾವ ವರ್ಷನ್‌ಗೆ ಹೋಯ್ತು, ಎಲ್ಲ ಇದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಇರಲೇಬೇಕು, ಆಫ್ ಮಾಡೋ ಹಾಗಿಲ್ಲ ಅಂತ ಓದಿದ್ದೀವಲ್ಲ? ಅದೇ ಥರದ್ದು ಬಿಟ್ಟಿಯಾಗಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ದಿನಾ ಬರೀತಾ ಕೂತಿದೆ. ಮಂಗಳವಾರ ರಾತ್ರಿ ಕ್ರ್ಯಾಶ್ ಶುರು ಆಗಿದ್ರೆ ಮಂಗಳವಾರದ ಎಂಟ್ರಿ ಓದಿ. ಸತ್ತ ಸಾಫ್ಟ್‌ವೇರ್ ಹೇಳಿದ ಫೈಲ್ ಹೆಸರೂ ಆ ಎಂಟ್ರಿಯಲ್ಲಿರೋ ಪ್ಯಾಕೇಜ್ ಹೆಸರೂ ಹತ್ತಿರ ಬಂದ್ರೆ, ಸಿಕ್ತು.

ಸಿಕ್ಕ ಮೇಲೆ ದಾರಿ ಸುಲಭ. ಆ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಇದ್ರೆ ಹಾಕಿ. ಇಲ್ಲಾಂದ್ರೆ ಟೈಮ್‌ಶಿಫ್ಟ್‌ನಲ್ಲಿ ನಿನ್ನೆಯ ಸ್ಥಿತಿಗೆ ವಾಪಸ್ ಹೋಗಿ. ಮಿಂಟ್ ಜೊತೆಗೇ ಬರುತ್ತೆ, ಆದ್ರೆ ಮೊದಲ ಸಲ ನೀವೇ ಸೆಟ್ ಮಾಡಿಟ್ಟಿರ್ಬೇಕು. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ನಿಮ್ಮ ಹೋಮ್ ಫೋಲ್ಡರ್ ಮುಟ್ಟಲ್ಲ. ಅಂದ್ರೆ ಸಿಸ್ಟಮ್ ಹಿಂದಕ್ಕೆ ಹೋದ್ರೂ ರಿಪೋರ್ಟ್ ಇದ್ದಲ್ಲೇ ಇರುತ್ತೆ. ಅದೇ ಕಾರಣಕ್ಕೆ ಟೈಮ್‌ಶಿಫ್ಟ್ ರಿಪೋರ್ಟ್‌ನ ಬ್ಯಾಕಪ್ ಅಲ್ಲ. ಅದಕ್ಕೆ ಪೆನ್‌ಡ್ರೈವ್ ಬೇರೆ ಇಡಿ.

(4/4)

ಒಂದು ಕೆಲಸ ಮಾತ್ರ ಬೇಡವೇ ಬೇಡ. ಸಿಗದ ಲೈಬ್ರರಿ ಫೈಲನ್ನ ಯಾವುದೋ ಸೈಟ್‌ನಿಂದ ಇಳಿಸಿ ತುರುಕೋದು, ಇಲ್ಲಾ ಇರೋ 3ಕ್ಕೆ 1.1 ಅಂತ ಹೆಸರು ಹಚ್ಚೋದು. ವಿಡಿಯೋಗಳಲ್ಲಿ ಹೇಳಿಕೊಡ್ತಾರೆ. ಒಬ್ಬ ಪಾರ್ಟಿಯ ಲೆಡ್ಜರ್‌ಗೆ ಇನ್ನೊಬ್ಬನ ಹೆಸರು ಬರೆದು ಆಡಿಟರ್‌ಗೆ ಕೊಟ್ಟ ಹಾಗೆ ಅದು, ಮೇಲ್ನೋಟಕ್ಕೆ ಸರಿ. ಜಿಲಿಬ್‌ಸಿಯನ್ನಂತೂ ಕೈಯಿಂದ ಬದಲಾಯಿಸ್ಲೇಬೇಡಿ. ಫೈಲ್ ಪಟ್ಟಿ ತೋರಿಸೋ ಸಣ್ಣ ಕಮಾಂಡ್ ಕೂಡ ಅದರ ಮೇಲೇ ನಿಂತಿದೆ. ಅದು ಹೋದ್ರೆ ಸರಿಮಾಡೋ ಉಪಕರಣಗಳೂ ಹೋದ್ವು.

“ಇಷ್ಟೆಲ್ಲ ಯಾಕೆ, ಅಪ್‌ಡೇಟೇ ಮಾಡ್ದೆ ಇದ್ರೆ ಆಯ್ತಲ್ಲ” ಅಂತ ಕಳೆದ ಪೋಸ್ಟ್ ಕೆಳಗೆ ಕೇಳಿದ್ರಿ. ಪೂರ್ತಿ ತಳ್ಳಿಹಾಕಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ಲೈಬ್ರರಿಯ 5.6.0, 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದು ಗೊತ್ತಾಯ್ತು. ಹೊಸದು ಬಂದ ತಕ್ಷಣ ಎಳ್ಕೊಳ್ಳೋರಿಗೆ ಅದು ತಲುಪಿತ್ತು, ನಿಧಾನವಾಗಿ ಹೋಗೋರು ಬಚಾವಾದ್ರು. ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಯ್ತಲ್ಲ ಯಾಕೆ ಅಂತ ಬೆನ್ನು ಹತ್ತಿ ಅದನ್ನ ಹಿಡಿದವರು ಆಂಡ್ರೆಸ್ ಫ್ರೊಯಿಂಡ್ ಅನ್ನೋ ಎಂಜಿನಿಯರ್. ಆದ್ರೆ ಅದೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2014ರಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ತೂತು ಸಿಕ್ಕಾಗ, ಅಪ್‌ಡೇಟ್ ಮಾಡದವರ ಸರ್ವರ್‌ನಿಂದ ಪಾಸ್‌ವರ್ಡ್ ಸೋರಿಹೋಗೋ ಅಪಾಯ ಇತ್ತು. ಹಾಗಾಗಿ ನಾನು ಮಧ್ಯದ ದಾರಿಯವರು. ಎಲ್‌ಟಿಎಸ್ ಆವೃತ್ತಿಯಲ್ಲಿರಿ. ಅಲ್ಲಿ ಬರೋ ಸೆಕ್ಯುರಿಟಿ ಅಪ್‌ಡೇಟ್‌ಗಳು ಸಾಮಾನ್ಯವಾಗಿ ಪೈಪಿನ ಅಳತೆ ಬದಲಿಸಲ್ಲ, ತೂತು ಮಾತ್ರ ಮುಚ್ತವೆ. ಅದನ್ನ ತಪ್ಪದೆ ಹಾಕಿ. ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಹಾರೋ ದೊಡ್ಡ ಅಪ್‌ಗ್ರೇಡ್ ಮಾತ್ರ ಪರೀಕ್ಷೆ ಮುಗಿದ ಮೇಲೆ, ಬ್ಯಾಕಪ್ ಇಟ್ಕೊಂಡು.

ಇದು ನಮ್ಮಂಥವರಿಗಲ್ಲ ಅನ್ನೋ ಮಾತನ್ನ ಮಾತ್ರ ನಾನು ಒಪ್ಪಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳದ ಕೈಟ್ ಸಂಸ್ಥೆಯ ಲಿನಕ್ಸ್ ಮೇಲೇ ಕಂಪ್ಯೂಟರ್ ಪಾಠ ಕಲೀತಾರೆ, ಪುಸ್ತಕವೂ ಕನ್ನಡದಲ್ಲೇ. ಅದರ ಬುಡವೂ ಉಬುಂಟು ಎಲ್‌ಟಿಎಸ್ಸೇ. ಹೈಸ್ಕೂಲ್ ಮಕ್ಕಳಿಗೆ ಆಗೋದು ಕಾಸ್ಟ್ ಅಕೌಂಟಿಂಗ್ ಪಾಸ್ ಮಾಡಿರೋರಿಗೆ ಆಗಲ್ವಾ?

ಕಾಮೆಂಟ್‌ನಲ್ಲಿ “ಓಪನ್ ಆಗ್ತಿಲ್ಲ” ಅಂತ ಮಾತ್ರ ಹಾಕ್ಬೇಡಿ. ಟರ್ಮಿನಲ್ ಹೇಳಿದ ಸಾಲು, ಆ ದಿನದ ಹಿಸ್ಟರಿ ಎಂಟ್ರಿ, ಎರಡನ್ನೂ ಕಾಪಿ ಮಾಡಿ ಹಾಕಿ. ಗುರುವಾರದವರೆಗೆ ಇಂಟರ್ನಲ್ಸ್ ಇದೆ, ಶುಕ್ರವಾರ ಕೂತು ಒಂದೊಂದಾಗಿ ನೋಡ್ತೀನಿ. ಅಲ್ಲಿವರೆಗೆ ಅಂಗಡಿ ಕಡೆ ಹೋಗ್ಬೇಡಿ.