ಚೀಲಕ್ಕೆ ಹೆದರಿ ಹಸಿದಿರಬೇಕೆ?

ಕರುಳಿನ ಶಸ್ತ್ರಚಿಕಿತ್ಸೆಯಾಗಿ, ಮಲ ಸಂಗ್ರಹಿಸುವ ಚೀಲವನ್ನು ಹೊಟ್ಟೆಗೆ ಅಳವಡಿಸಿಕೊಂಡು ಮನೆಗೆ ಮರಳಿದವರನ್ನು ನಾವು ತಿಂಗಳುಗಟ್ಟಲೆ ಗಂಜಿಯಲ್ಲೇ ಇಡುತ್ತೇವೆ. ತಿಂದರೆ ಚೀಲ ತುಂಬೀತು, ವಾಸನೆ ಬಂದೀತು ಎಂಬ ಸಂಕೋಚ ಅವರಿಗೂ ಇದೆ. ಆದರೆ ಹೊಟ್ಟೆ ಖಾಲಿಯಿದ್ದರೆ ವಾಯು ಹೆಚ್ಚುತ್ತದೆ, ದೇಹ ಸೊರಗುತ್ತದೆ. ಗಾಯ ಮಾಯಲು, ಕಳೆದ ತೂಕ ಮರಳಲು ಪ್ರೋಟೀನ್ ಬೇಕು. ಮೊಟ್ಟೆ, ಮೀನು, ಮೆತ್ತಗೆ ಬೇಯಿಸಿದ ಕೋಳಿ, ಮೊಸರನ್ನು ದಿನಕ್ಕೆ 5-6 ಬಾರಿ ಸ್ವಲ್ಪ ಸ್ವಲ್ಪವಾಗಿ, ಚೆನ್ನಾಗಿ ಅಗಿದು ತಿನ್ನಲಿ. ಮೊದಲ 6-8 ವಾರ ತೆಂಗಿನ ತುರಿ, ಅಣಬೆ, ಗೋಡಂಬಿ-ಬಾದಾಮಿ ಬೇಡ. ಅವು ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. (ನಮ್ಮ ಸಾರಿನಿಂದ ತೆಂಗನ್ನು ಬಿಡಿಸುವುದೇ ಕಷ್ಟ!) ಸಣ್ಣಕರುಳನ್ನೇ ಹೊರತಂದಿದ್ದರೆ ದೇಹದಿಂದ ಉಪ್ಪೂ ನೀರೂ ಸೋರುತ್ತವೆ. ಬರಿಯ ನೀರು ಸಾಲದು, ಓಆರ್‌ಎಸ್ ಅಗತ್ಯ. ಇಂಥವರು ವೈದ್ಯರನ್ನು ಕೇಳದೆ ರಮಝಾನ್ ಉಪವಾಸ ಹಿಡಿಯಬಾರದು. ರೋಗಿಗೆ ವಿನಾಯಿತಿ ಇದ್ದೇ ಇದೆ.